ವಾಚಿನ ಮುಖ ಅಲ್ಲ, ಬೆನ್ನು ನೋಡಿ!

ಮದುವೆ ಹಂಗಾಮು ಶುರುವಾಯ್ತೆಂದರೆ ಜಮಖಂಡಿ, ಮುಧೋಳದ ಬಜಾರಿನಲ್ಲಿ ಕಾಲಿಡಲು ಜಾಗ ಇರೋದಿಲ್ಲ. ಕಬ್ಬಿನ ಬಿಲ್ಲು ಕೈಗೆ ಬಂದಿರುತ್ತೆ, ಬೀಗರ ಜೊತೆ ಮಾತುಕತೆ ಮುಗಿದಿರುತ್ತೆ. ಬಸ್ತಾ ಕಟ್ಟಿಸೋದು, ಬಂಗಾರ ಮಾಡಿಸೋದು, ಭಾಂಡೆ ಸಾಮಾನು ತರೋದು... ಪಟ್ಟಿ ಮೊಳ ಉದ್ದ. ಆ ಪಟ್ಟಿಯ ಕೊನೆಗೆಲ್ಲೋ ‘ವರನಿಗೆ ವಾಚು’ ಅಂತ ಒಂದು ಸಾಲು ಇದ್ದೇ ಇರುತ್ತೆ.

ಸೀರೆ ವಿಷಯದಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಮೋಸ ಮಾಡೋದು ಅಷ್ಟು ಸುಲಭ ಅಲ್ಲ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸಪ್ಪಳ ಕೇಳುತ್ತಲೇ ಬೆಳೆದವರಿಗೆ ಕೈಮಗ್ಗದ್ದು ಯಾವುದು, ಪವರ್‌ಲೂಮಿನದು ಯಾವುದು ಅಂತ ಬೇರೆಯವರು ಹೇಳಬೇಕಿಲ್ಲ. ಸೀರೆಯ ಬೆನ್ನು ತಿರುಗಿಸಿ ನೋಡ್ತೀವಿ. ಇಳಕಲ್ ಸೀರೆಯಾದರೆ ಒಡಲಿಗೂ ಸೆರಗಿಗೂ ಕೊಂಡಿ ಹಾಕಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡ್ತೀವಿ. ಮಹಾಲಿಂಗಪುರದ ಬೆಲ್ಲ ಕೊಳ್ಳುವಾಗ ಅತಿಯಾಗಿ ಹೊಳೆಯೋ ಹಳದಿ ಅಚ್ಚು ಕಂಡರೆ ‘ಇದಕ್ಕೇನೋ ಹಾಕ್ಯಾರ’ ಅಂತ ಬದಿಗೆ ಸರಿಸ್ತೀವಿ. ಬಂಗಾರಕ್ಕಂತೂ ಹಾಲ್‌ಮಾರ್ಕ್ ಕೇಳದೆ ರೊಕ್ಕ ಬಿಚ್ಚೋದಿಲ್ಲ. ಆದರೆ ವಾಚು? ‘ಅದನ್ನ ಹುಡುಗರು ನೋಡ್ಕೋತಾರ ಬಿಡ್ರಿ’ ಅಂದುಬಿಡ್ತೀವಿ. ಹುಡುಗರು ಮೊಬೈಲಿನಲ್ಲಿ ಫೋಟೋ ನೋಡಿ, ಹೆಸರು ನೋಡಿ, ‘ಭಾರೀ ಐತಿ’ ಅಂತ ತಂದುಬಿಡ್ತಾರೆ.

ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ಮದುವೆಯಾಗಿ ಆರು ತಿಂಗಳಿಗೆ ವಾಚು ನಿಲ್ಲುತ್ತೆ. ಅಳಿಯ ಸೆಲ್ ಹಾಕಿಸಲು ರಿಪೇರಿ ಅಂಗಡಿಗೆ ಹೋಗ್ತಾನೆ. ಅಂಗಡಿಯವರು ಹಿಂದಿನ ಮುಚ್ಚಳ ಬಿಚ್ಚಿ, ‘ಇದು ಕಂಪನೀದಲ್ರಿ, ಡುಪ್ಲಿಕೇಟ್ ಐತಿ’ ಅಂತಾರೆ. ಮೋಸ ಹೋದವರು ಹುಡುಗಿಯ ಅಪ್ಪ. ಆದರೆ ‘ನಿಮ್ಮಪ್ಪ ಖೊಟ್ಟಿ ವಾಚ್ ಕೊಟ್ಟಾನ’ ಅನ್ನೋ ಮಾತು ಕೇಳಬೇಕಾದವಳು ಮಗಳು! ಹೊಸ ಮನೆಯಲ್ಲಿ ಇನ್ನೂ ಬೇರು ಬಿಡುತ್ತಿರುವ ಹುಡುಗಿಗೆ ಆ ಒಂದು ಮಾತು ಎಷ್ಟು ದಿನ ಚುಚ್ಚುತ್ತೆ ಅಂತ ಹೆಣ್ಣು ಹೆತ್ತವರಿಗೆ ಗೊತ್ತು. ಅದಕ್ಕೇ ಗೆಳತಿಯರೇ, ಸೀರೆಯಂತೆ ವಾಚನ್ನೂ ತಿರುಗಿಸಿ ನೋಡೋದನ್ನು ಕಲಿಯೋಣ.

ಮೂರು ಥರದ ಖೊಟ್ಟಿ

ನಕಲಿ ವಾಚು ಎಲ್ಲವೂ ಒಂದೇ ಥರ ಇರೋದಿಲ್ಲ. ಮೊದಲನೆಯದು, ರಾಜಾರೋಷವಾಗಿ ‘ಕಾಪಿ’ ಅಂತಲೇ ಮಾರುವಂಥದ್ದು. ‘ಫಸ್ಟ್ ಕಾಪಿ’, ‘ಸೆವೆನ್ ಎ ಕ್ವಾಲಿಟಿ’ ಅಂತೆಲ್ಲ ಇದಕ್ಕೆ ಹೆಸರು. ಕೇಳೋಕೆ ಅದೇನೋ ದರ್ಜೆ ಇದ್ದಂತೆ ಅನಿಸುತ್ತೆ. ಆದರೆ ಖೊಟ್ಟಿಗೆ ದರ್ಜೆ ಕೊಡುವ ಯಾವ ಇಲಾಖೆಯೂ ಇಲ್ಲ, ಅದು ಮಾರುವವರೇ ಇಟ್ಟ ಹೆಸರು.

ಎರಡನೆಯದು, ‘ಒರಿಜಿನಲ್’ ಅಂತ ಹೇಳಿ, ಡಬ್ಬಿ, ಕಾರ್ಡು ಎಲ್ಲ ಕೊಟ್ಟು, ಅಸಲಿಯ ಬೆಲೆಗಿಂತ ಸ್ವಲ್ಪ ಕಡಿಮೆಗೆ ಮಾರುವುದು. ‘ದುಬೈನಿಂದ ತಂದದ್ದು’, ‘ಕಸ್ಟಮ್ಸ್‌ನಲ್ಲಿ ಹಿಡಿದ ಮಾಲು’, ‘ಅರ್ಜೆಂಟ್ ರೊಕ್ಕ ಬೇಕಾಗೇತಿ, ಅದಕ್ಕ ಕೊಡಾಕತ್ತೀನಿ’ - ಹೀಗೆ ಜೊತೆಗೊಂದು ಕಥೆಯೂ ಇರುತ್ತೆ. ಹೆಚ್ಚು ರೊಕ್ಕ ಹೋಗೋದು ಇಲ್ಲೇ.

ಮೂರನೆಯದು ಕೂಡಿಸಿದ ವಾಚು. ಒಳಗಿನ ಯಂತ್ರ ಒಂದು ಹಳೇ ವಾಚಿನದು, ಕವಚ ಇನ್ನೊಂದರದು, ಡಯಲ್ ಮಾತ್ರ ಹೊಸದಾಗಿ ಮುದ್ರಿಸಿದ್ದು. ನಮ್ಮ ಎಚ್.ಎಂ.ಟಿ. ವಾಚುಗಳಿಗೆ ಈಗ ಹೆಚ್ಚಾಗಿ ಅಂಟಿರೋ ರೋಗ ಇದೇ. ಅದರ ಬಗ್ಗೆ ಮುಂದೆ ಹೇಳ್ತೀನಿ.

ಟೈಮ್ ಸರಿ ಇದ್ದರೆ ಅಸಲಿಯೇ?

‘ವರ್ಷಾತು, ಒಂದ್ ನಿಮಿಷಾನೂ ಹಿಂದ್ ಮುಂದ್ ಆಗಿಲ್ಲ. ಖೊಟ್ಟಿ ಹೆಂಗಾದೀತು?’ ಅಂತ ಕೇಳುವವರಿದ್ದಾರೆ. ಇಲ್ಲೇ ಇದೆ ನೋಡಿ ಮಜಾ.

ಸೆಲ್ ಹಾಕುವ ವಾಚಿನೊಳಗೆ ಸ್ಫಟಿಕದ ಒಂದು ಚೂರು ಇರುತ್ತೆ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಆ ಲೆಕ್ಕದ ಮೇಲೆಯೇ ಮುಳ್ಳು ಓಡೋದು. 1969ರಲ್ಲಿ ಜಪಾನಿನ ಸೈಕೋ ಕಂಪನಿ ಇಂಥ ಮೊದಲ ಕೈಗಡಿಯಾರ ತಂದಾಗ ಅದು ಬಲು ದುಬಾರಿ. ಈಗ ಅದೇ ಯಂತ್ರ ಅತಿ ಅಗ್ಗ. ಹಾಗಾಗಿ ರಸ್ತೆ ಬದಿಯ ಖೊಟ್ಟಿ ವಾಚಿನಲ್ಲೂ ಟೈಮ್ ಸರಿಯಾಗಿಯೇ ಇರುತ್ತೆ. ಸಾಮಾನ್ಯ ಸೆಲ್ ವಾಚು ತಿಂಗಳಿಗೆ ಹದಿನೈದು ಸೆಕೆಂಡು ಆಚೀಚೆ ಆದರೆ ಹೆಚ್ಚು. ಚಕ್ರ, ಸ್ಪ್ರಿಂಗುಗಳ ಮೇಲೆ ಓಡುವ ರೋಲೆಕ್ಸ್ ವಾಚಿಗೆ ಆ ಕಂಪನಿ ಹೇಳಿಕೊಳ್ಳುವ ಕರಾರುವಾಕ್ಕುತನ ದಿನಕ್ಕೆ ಎರಡು ಸೆಕೆಂಡು ಹೆಚ್ಚುಕಡಿಮೆ. ಅಂದರೆ ಲಕ್ಷಗಟ್ಟಲೆ ಬೆಲೆಯ ಅಸಲಿಗಿಂತ ಸಾವಿರ ರೂಪಾಯಿಯ ನಕಲಿಯೇ ಟೈಮ್ ಚೆನ್ನಾಗಿ ತೋರಿಸಬಹುದು! ಸರಿಯಾದ ಟೈಮ್ ಅಸಲಿತನದ ಸಾಕ್ಷಿ ಅಲ್ಲವೇ ಅಲ್ಲ.

ನಂಬಬಾರದ ಪರೀಕ್ಷೆಗಳು

ಊರಲ್ಲಿ ಓಡಾಡುವ ಇನ್ನೂ ಕೆಲವು ಪರೀಕ್ಷೆಗಳಿವೆ. ಒಂದೊಂದಾಗಿ ನೋಡೋಣ.

‘ಸೆಕೆಂಡಿನ ಮುಳ್ಳು ಟಿಕ್ ಟಿಕ್ ಅಂತ ಹಾರಿದರೆ ಖೊಟ್ಟಿ, ಜಾರಿಕೊಂಡು ಹೋದರೆ ಅಸಲಿ.’ ಇದು ಅರ್ಧ ಸತ್ಯ. ಚಾವಿ ಕೊಡುವ ಮತ್ತು ಆಟೋಮ್ಯಾಟಿಕ್ ವಾಚುಗಳ ಮುಳ್ಳು ಸೆಕೆಂಡಿಗೆ ಐದರಿಂದ ಎಂಟು ಪುಟ್ಟ ಹೆಜ್ಜೆ ಇಡೋದರಿಂದ ಜಾರಿದಂತೆ ಕಾಣುತ್ತೆ. ಆದರೆ ದೊಡ್ಡ ದೊಡ್ಡ ಕಂಪನಿಗಳೂ ಸೆಲ್ ವಾಚು ಮಾಡ್ತವೆ, ಅದರಲ್ಲೂ ಹೆಂಗಸರ ಸಣ್ಣ ವಾಚುಗಳಲ್ಲಿ ಸೆಲ್ ಇರೋದೇ ಹೆಚ್ಚು. ನಿಯಮ ಇಷ್ಟೇ: ಡಯಲಿನ ಮೇಲೆ ‘ಆಟೋಮ್ಯಾಟಿಕ್’ ಅಂತ ಬರೆದಿದ್ದು, ಮುಳ್ಳು ಸೆಕೆಂಡಿಗೊಮ್ಮೆ ನಿಂತು ನಿಂತು ಹಾರಿದರೆ ಅನುಮಾನ ಪಡಿ.

‘ಭಾರ ಇದ್ದರೆ ಅಸಲಿ.’ ಒಂದು ಕಾಲಕ್ಕೆ ಇದು ನಡೀತಿತ್ತು. ಈಗ ನಕಲಿಯವರೂ ಒಳಗೆ ಲೋಹದ ತುಂಡು ಇಟ್ಟು ಭಾರ ಮಾಡ್ತಾರೆ. ಇತ್ತ ಟೈಟಾನಿಯಂ, ಸಿರಾಮಿಕ್‌ನ ಅಸಲಿ ವಾಚುಗಳು ಹಗುರಾಗಿಯೇ ಇರ್ತವೆ.

‘ಗಾಜಿನ ಮೇಲೆ ನೀರಿನ ಹನಿ ಹಾಕಿ, ಹರಡದೆ ನಿಂತರೆ ಅಸಲಿ.’ ಗಾಜಿಗೆ ಲೇಪನ ಇದ್ದರೂ ಹನಿ ನಿಲ್ಲುತ್ತೆ, ಕೈಯ ಎಣ್ಣೆ ತಾಗಿದ್ದರೂ ನಿಲ್ಲುತ್ತೆ. ನಂಬಬೇಡಿ. ಇನ್ನು ‘ಗುಂಡುಪಿನ್ನಿನಿಂದ ಗೀರಿ ನೋಡು’ ಅನ್ನುವವರ ಕೈಗಂತೂ ವಾಚು ಕೊಡಲೇಬೇಡಿ! ಒಳ್ಳೆಯ ವಾಚುಗಳ ಸಫೈರ್ ಗಾಜು ಗಡಸುತನದಲ್ಲಿ ವಜ್ರದ ನಂತರದ ಮೆಟ್ಟಿಲಿನದು ನಿಜ. ಆದರೆ ಬಹಳಷ್ಟು ಅಸಲಿ ವಾಚುಗಳಿಗೆ ಸಾದಾ ಗಾಜೂ ಇರುತ್ತೆ. ಗೀರು ಬಿದ್ದರೆ ಅಂಗಡಿಯವರು ವಾಪಸು ತಗೊಳ್ಳೋದಿಲ್ಲ.

‘ರೋಮನ್ ಅಂಕಿ ತಪ್ಪಿದೆ, ಇದು ಖೊಟ್ಟಿ.’ ಶಾಲೆಯಲ್ಲಿ ನಾಲ್ಕನ್ನು ಒಂದು ಗೆರೆ, ಪಕ್ಕದಲ್ಲಿ ಐದರ ಗುರುತು ಹಾಕಿ ಬರೆಯೋದು ಕಲಿತಿದ್ದೀವಿ. ಗಡಿಯಾರಗಳಲ್ಲಿ ಮಾತ್ರ ನಾಲ್ಕು ಗೆರೆ ಎಳೆಯೋದು ಬಹಳ ಹಿಂದಿನಿಂದ ಬಂದ ಪದ್ಧತಿ. ಅದು ತಪ್ಪಲ್ಲ.

ಮೊದಲು ಅಂಗಡಿ, ಆಮೇಲೆ ವಾಚು

ಹಾಗಾದರೆ ಏನು ನೋಡಬೇಕು? ವಾಚನ್ನು ಕೈಗೆ ತಗೊಳ್ಳೋ ಮೊದಲೇ ಅರ್ಧ ಪರೀಕ್ಷೆ ಮುಗಿದಿರಬೇಕು.

ಪ್ರತಿ ದೊಡ್ಡ ಕಂಪನಿಯ ವೆಬ್‌ಸೈಟಿನಲ್ಲಿ ಯಾವ ಊರಿನಲ್ಲಿ ಯಾರು ತಮ್ಮ ಅಧಿಕೃತ ಮಾರಾಟಗಾರರು ಅನ್ನೋ ಪಟ್ಟಿ ಇರುತ್ತೆ. ಮಕ್ಕಳಿಗೆ ಹೇಳಿ ತೆಗೆಸಿ ನೋಡಿ. ರೋಲೆಕ್ಸ್ ಕಂಪನಿಯಂತೂ ತನ್ನ ಹೊಸ ವಾಚುಗಳನ್ನು ಆನ್‌ಲೈನಿನಲ್ಲಿ ಮಾರೋದೇ ಇಲ್ಲ. ಹಾಗಾಗಿ ವಾಟ್ಸಾಪ್‌ನಲ್ಲಿ ‘ಹೊಸ ರೋಲೆಕ್ಸ್, ಮನೆ ಬಾಗಿಲಿಗೆ’ ಅಂತ ಬಂದರೆ ಉತ್ತರ ಕೊಡುವ ಗೋಜೇ ಬೇಡ. ‘ಕಸ್ಟಮ್ಸ್ ಮಾಲು’ ಅನ್ನೋದೂ ಅಷ್ಟೇ. ಸರ್ಕಾರ ವಶಪಡಿಸಿಕೊಂಡ ಸಾಮಾನನ್ನು ಹರಾಜು ಹಾಕುತ್ತೆ, ವಾಟ್ಸಾಪ್‌ನಲ್ಲಿ ಒಂದೊಂದಾಗಿ ಮಾರೋದಿಲ್ಲ.

ಇನ್ನು ಬೆಲೆ. ರೋಲೆಕ್ಸ್‌ನ ಹೊಸ ವಾಚುಗಳ ಬೆಲೆ ಶುರುವಾಗೋದೇ ಲಕ್ಷಗಳಲ್ಲಿ. 2016ರಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ ‘ಹ್ಯೂಬ್ಲೋ’ ವಾಚು ರಾಜ್ಯದಲ್ಲಿ ಎಷ್ಟು ಸುದ್ದಿ ಮಾಡಿತ್ತು ಅಂತ ನೆನಪಿರಬೇಕು. ಅದು ಗೆಳೆಯರು ಕೊಟ್ಟ ಉಡುಗೊರೆ ಅಂತ ಅವರು ಹೇಳಿದರು. ಆ ವರ್ಷದ ಮಾರ್ಚ್‌ನಲ್ಲಿ ಅದನ್ನು ವಿಧಾನಸಭೆಯ ಸ್ಪೀಕರ್‌ಗೆ ಒಪ್ಪಿಸಿದರು, ವಾಚು ಸರ್ಕಾರದ ಆಸ್ತಿಯಾಯ್ತು. ಒಂದು ಕೈಗಡಿಯಾರಕ್ಕೆ ಇಷ್ಟೂ ಬೆಲೆ ಇರುತ್ತಾ ಅಂತ ನಮ್ಮ ಹಳ್ಳಿಗಳಲ್ಲಿ ಬಾಯಿ ಮೇಲೆ ಬೆರಳಿಟ್ಟುಕೊಂಡದ್ದು ಆಗಲೇ. ಆ ಸುದ್ದಿಯುದ್ದಕ್ಕೂ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ: ಬೆಲೆ ಎಷ್ಟು? ಎಲ್ಲಿಂದ ಬಂತು? ವಾಚು ಕೊಳ್ಳುವಾಗ ನಾವು ಕೇಳಬೇಕಾದದ್ದೂ ಅವೇ ಎರಡು.

ಬಿಲ್ಲು ಓದೋದು ಹೇಗೆ?

‘ಬಿಲ್ ಬೇಡಂದ್ರ ಇನ್ನೂ ಕಡಿಮಿ ಮಾಡಿಕೊಡ್ತೀನ್ರಿ’ ಅನ್ನೋ ಮಾತಿಗೆ ಮರುಳಾಗಬೇಡಿ. ಬಿಲ್ಲಿಲ್ಲದ ದುಬಾರಿ ವಾಚು ಅಂದರೆ ಪಹಣಿ ಇಲ್ಲದ ಹೊಲ ಇದ್ದಂತೆ.

ಬಿಲ್ಲಿನಲ್ಲಿ ವಾಚಿನ ಹೆಸರಷ್ಟೇ ಅಲ್ಲ, ಮಾಡೆಲ್ ನಂಬರು, ಇದ್ದರೆ ಸೀರಿಯಲ್ ನಂಬರು ಕೂಡ ಬರೆಸಿ. ಅಂಗಡಿಯ ಜಿಎಸ್‌ಟಿ ನಂಬರು ಹದಿನೈದು ಅಕ್ಷರದ್ದು. ಅದರ ಮೊದಲ ಎರಡು ಅಂಕಿ ರಾಜ್ಯದ ಗುರುತು: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ನಮ್ಮವರು ಸಾಂಗ್ಲಿ, ಮಿರಜ, ಕೊಲ್ಹಾಪುರಕ್ಕೂ ಮದುವೆ ಸಂತೆಗೆ ಹೋಗ್ತಾರಲ್ಲ, ಅಲ್ಲಿಯ ಬಿಲ್ಲಿನಲ್ಲಿ 27 ಇರಬೇಕು. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಆ ನಂಬರು ಹಾಕಿದರೆ ಅಂಗಡಿಯ ಹೆಸರು ಬರುತ್ತೆ. ಬೇರೆ ಯಾರದೋ ಹೆಸರು ಬಂದರೆ ಅಲ್ಲಿಂದ ಎದ್ದು ಬನ್ನಿ.

ವಿದೇಶದಿಂದ ತರಿಸಿ ಇಲ್ಲಿ ಮಾರುವ ವಾಚಿನ ಡಬ್ಬಿಯ ಮೇಲೆ ಇನ್ನೊಂದು ಚೀಟಿ ಅಂಟಿಸಿರಬೇಕು. ಅದರಲ್ಲಿ ಆಮದು ಮಾಡಿದವರ ಹೆಸರು, ವಿಳಾಸ, ಯಾವ ದೇಶದ್ದು, ಎಲ್ಲ ತೆರಿಗೆ ಸೇರಿ ಗರಿಷ್ಠ ಬೆಲೆ ಎಷ್ಟು, ದೂರು ಇದ್ದರೆ ಯಾರನ್ನು ಕೇಳಬೇಕು ಅನ್ನೋ ವಿವರ ಇರಬೇಕೆಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮ ಹೇಳುತ್ತೆ. ಬಿಸ್ಕತ್ ಪುಡಿಕೆ ಕೊಂಡರೂ ಎಂಆರ್‌ಪಿ ನೋಡುವ ನಾವು, ಸಾವಿರಾರು ರೂಪಾಯಿಯ ವಾಚಿನ ಡಬ್ಬಿ ಮೇಲೆ ನೋಡದಿದ್ದರೆ ಹೇಗೆ?

ಈಗ ತಿರುಗಿಸಿ ನೋಡಿ

ಅಂಗಡಿ, ಬೆಲೆ, ಬಿಲ್ಲು ಸರಿ ಇದ್ದರೆ ಈಗ ವಾಚು ಕೈಗೆ ತಗೊಳ್ಳಿ. ಡಯಲನ್ನು ನಕಲು ಮಾಡೋದು ಸುಲಭ, ಎಲ್ಲರೂ ನೋಡೋದು ಅದನ್ನೇ ಅಂತ ನಕಲಿಯವರು ಅಲ್ಲೇ ಹೆಚ್ಚು ಕೈಚಳಕ ತೋರಿಸ್ತಾರೆ. ಯಾರೂ ನೋಡದ ಕಡೆ ಅವರು ಖರ್ಚು ಮಾಡೋದಿಲ್ಲ.

ಬೆನ್ನಿನ ಮುಚ್ಚಳದ ಮೇಲಿನ ಅಕ್ಷರಗಳನ್ನು ಮೊಬೈಲ್ ಕ್ಯಾಮೆರಾ ಹಿಗ್ಗಿಸಿ ನೋಡಿ. ಅಸಲಿಯಲ್ಲಿ ಕೊರೆದ ಅಕ್ಷರದ ಅಂಚು ಚೊಕ್ಕ, ಸಾಲು ನೇರ. ನಕಲಿಯಲ್ಲಿ ಆಳ ಇಲ್ಲದ, ಬಳಿದಂತಿರುವ ಅಕ್ಷರ. ಕೆಲವೊಮ್ಮೆ ಕಂಪನಿಯ ಹೆಸರಿನ ಕಾಗುಣಿತವೇ ತಪ್ಪಿರುತ್ತೆ! ಬೆನ್ನಿನ ನಂಬರು, ಕಾರ್ಡಿನ ನಂಬರು, ಡಬ್ಬಿಯ ನಂಬರು ಮೂರೂ ಒಂದೇ ಇರಬೇಕು. ಒಂದೇ ಅಂಗಡಿಯ ಎರಡು ವಾಚಿಗೆ ಒಂದೇ ಸೀರಿಯಲ್ ನಂಬರು ಇದ್ದರೆ ಹೇಳಬೇಕಾದ್ದೇ ಇಲ್ಲ.

ಸರಪಳಿಯ ಒಳಮೈ ಮುಟ್ಟಿ ನೋಡಿ. ಅಂಚು ಚುಚ್ಚಬಾರದು, ಕೊಂಡಿ ಸಡಿಲ ಇರಬಾರದು. ಚಾವಿ ಗುಂಡಿ ಎಳೆದು ಟೈಮ್ ಬದಲಿಸಿ ನೋಡಿ, ಗಡಗಡ ಅನ್ನದೆ ಮೆತ್ತಗೆ ತಿರುಗಬೇಕು. ಡಯಲಿನಲ್ಲಿ ಮೂರು ಸಣ್ಣ ಸಣ್ಣ ಗಡಿಯಾರ ಇರುವ ವಾಚಾದರೆ ಪಕ್ಕದ ಗುಂಡಿ ಒತ್ತಿ. ಮುಳ್ಳು ಓಡಬೇಕು, ಇನ್ನೊಂದು ಗುಂಡಿ ಒತ್ತಿದರೆ ಮೊದಲಿನ ಜಾಗಕ್ಕೆ ಬಂದು ನಿಲ್ಲಬೇಕು. ಅಗ್ಗದ ಖೊಟ್ಟಿಗಳಲ್ಲಿ ಆ ಸಣ್ಣ ಡಯಲುಗಳು ಬರೀ ಅಲಂಕಾರ. ತಾರೀಖಿನ ಅಂಕಿ ಕಿಟಕಿಯ ನಟ್ಟನಡುವೆ ಇದೆಯೇ ನೋಡಿ. ತಾರೀಖಿನ ಮೇಲೆ ಉಬ್ಬು ಗಾಜು ಇರುವ ರೋಲೆಕ್ಸ್‌ನಲ್ಲಿ ಆ ಗಾಜು ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದಾಗಿ ತೋರಿಸುತ್ತೆ. ಅಗ್ಗದ ನಕಲಿಯಲ್ಲಿ ಉಬ್ಬು ಇರುತ್ತೆ, ಅಂಕಿ ದೊಡ್ಡದಾಗೋದಿಲ್ಲ.

ನಮ್ಮ ಕಡೆ ಮದುವೆ ವಾಚು ಅಂದರೆ ಬಹಳ ಮಂದಿ ಬಾಯಲ್ಲಿ ಬರೋ ಹೆಸರು ‘ರಾಡೊ’. ಅದರ ಡಯಲಿನ ಮೇಲೆ ಹಡಗಿನ ಲಂಗರಿನ ಗುರುತು ಇರುತ್ತೆ. ಸಾಮಾನ್ಯವಾಗಿ ಆಟೋಮ್ಯಾಟಿಕ್ ರಾಡೊಗಳಲ್ಲಿ ಆ ಪುಟ್ಟ ಲಂಗರು ವಾಚು ಅಲುಗಿಸಿದಾಗ ತೂಗಾಡುತ್ತೆ. ‘ಆಟೋಮ್ಯಾಟಿಕ್’ ಅಂತ ಬರೆದು, ಲಂಗರು ಅಂಟಿಸಿದಂತೆ ನಿಂತಿದ್ದರೆ ಹುಷಾರು. ಸೆಲ್ ಹಾಕುವ ಅಸಲಿ ರಾಡೊದಲ್ಲಿ ಲಂಗರು ತೂಗೋದಿಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ. ರಾಡೊ ಹೆಸರು ಮಾಡಿದ್ದೇ 1962ರಲ್ಲಿ ತಂದ, ಸುಲಭಕ್ಕೆ ಗೀರು ಬೀಳದ ವಾಚಿನಿಂದ. ನಾಲ್ಕು ದಿನದಲ್ಲಿ ಬಣ್ಣ ಏಳುವ, ಮಣಿಕಟ್ಟಿಗೆ ಕಪ್ಪು ಹತ್ತುವ ‘ರಾಡೊ’ ರಾಡೊ ಅಲ್ಲ.

‘ಸ್ವಿಸ್ ಮೇಡ್’ ಅನ್ನೋ ಎರಡು ಪದಕ್ಕೂ ಕಾನೂನಿದೆ. 2017ರಿಂದ, ವಾಚಿನ ತಯಾರಿಕೆಯ ಖರ್ಚಿನಲ್ಲಿ ಕನಿಷ್ಠ 60 ಭಾಗ ಸ್ವಿಟ್ಜರ್‌ಲೆಂಡಿನಲ್ಲೇ ಆಗಿದ್ದರೆ ಮಾತ್ರ ಹಾಗೆ ಬರೆಯಬಹುದು. ‘ಸ್ವಿಸ್ ಟೈಪ್’, ‘ಜಪಾನ್ ಮಷೀನ್’ ಅಂತ ಬರೆದಿದ್ದರೆ ಅದು ಬೇರೆ ಮಾತು. ಒಳಗಿನ ಯಂತ್ರ ಜಪಾನಿನದಾದ ಮಾತ್ರಕ್ಕೆ ವಾಚು ಜಪಾನಿನ ಕಂಪನಿಯದ್ದಾಗೋದಿಲ್ಲ.

ಬಂಗಾರದ ವಾಚೇ? ನಿಧಾನಿಸಿ

ನಮ್ಮ ಹೆಣ್ಣುಮಕ್ಕಳು ಗಟ್ಟಿಯಾಗಿ ನೆನಪಿಡಬೇಕಾದ ಮಾತಿದು. ಬಂಗಾರದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಗುರುತು ಇಲ್ಲದೆ ಅಂಗಡಿಯವರು ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಆದರೆ ಅದೇ ಕಡ್ಡಾಯ ನಿಯಮದಿಂದ ಕೈಗಡಿಯಾರಕ್ಕೆ ವಿನಾಯಿತಿ ಇದೆ! ಅಂದರೆ ‘ಇದು 18 ಕ್ಯಾರೆಟ್ ಬಂಗಾರದ ವಾಚು’ ಅಂತ ಯಾರಾದರೂ ಹೇಳಿದರೆ, ಒಡವೆಯ ಮೇಲೆ ಹುಡುಕುವ ಮುದ್ರೆ ಅದರ ಮೇಲೆ ಸಿಗದೇ ಇರಬಹುದು. ಆಗ ಕಂಪನಿಯ ಕಾಗದವೇ ಆಧಾರ. ಬಹಳಷ್ಟು ‘ಬಂಗಾರದ’ ವಾಚುಗಳು ಉಕ್ಕಿಗೆ ಬಂಗಾರದ ನೀರು ಕೊಟ್ಟಂಥವು. ಅದು ತಪ್ಪೇನಲ್ಲ, ಆದರೆ ಬಂಗಾರದ ತೂಕದ ಲೆಕ್ಕದಲ್ಲಿ ರೊಕ್ಕ ಕೊಡೋದು ತಪ್ಪು.

ಹಾಗೆಯೇ, ‘17 ಜುವೆಲ್ಸ್’ ಅಂತ ಡಯಲಿನ ಮೇಲೆ ಬರೆದದ್ದು ನೋಡಿ ಹದಿನೇಳು ರತ್ನ ಇವೆ ಅಂದುಕೊಳ್ಳಬೇಡಿ. ಅವು ಯಂತ್ರದ ಸವೆತ ತಪ್ಪಿಸಲು ಇಡುವ, ಕಾರ್ಖಾನೆಯಲ್ಲೇ ಮಾಡಿದ ಕೆಂಪು ಕಲ್ಲಿನ ಚೂರುಗಳು. ಮಾರಿದರೆ ಪುಡಿಗಾಸೂ ಬಾರದು.

ಪೆಟ್ಟಿಗೆಯಲ್ಲಿ ಮಲಗಿರೋ ಎಚ್.ಎಂ.ಟಿ.

ಈಗ ನಮ್ಮದೇ ರಾಜ್ಯದ ಕಥೆಗೆ ಬರೋಣ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ವಾಚಿನ ಕಾರ್ಖಾನೆ ಶುರುವಾಯ್ತು. ಮುಂದೆ ತುಮಕೂರಿನಲ್ಲೂ ಒಂದು ಕಾರ್ಖಾನೆ ಬಂತು. ಜನತಾ, ಪೈಲಟ್, ಕೊಹಿನೂರ್, ಸೋನಾ, ಕಾಂಚನ್... ಹೆಸರು ಕೇಳಿದರೇ ನಮ್ಮ ಅಪ್ಪ, ಮಾವಂದಿರ ಕೈ ನೆನಪಾಗುತ್ತೆ. ಆ ಕಾಲದಲ್ಲಿ ಅಳಿಯನಿಗೆ ಎಚ್.ಎಂ.ಟಿ. ಕೊಟ್ಟರೆ ಅದೇ ದೊಡ್ಡ ಮರ್ಯಾದೆ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು.

ಕಾರ್ಖಾನೆ ಮುಚ್ಚಿದ ಮೇಲೆ ಹಳೇ ವಾಚುಗಳಿಗೆ ಬೇಡಿಕೆ ಬಂತು. ಬೇಡಿಕೆ ಬಂದಲ್ಲಿ ಖೊಟ್ಟಿಯೂ ಬರಬೇಕಲ್ಲ! ಹಳೇ ಯಂತ್ರಗಳನ್ನು ಒಟ್ಟು ಮಾಡಿ, ಹೊಸ ಡಯಲ್ ಮುದ್ರಿಸಿ, ‘ಅಪರೂಪದ ಎಚ್.ಎಂ.ಟಿ.’ ಅಂತ ಆನ್‌ಲೈನಿನಲ್ಲಿ ಮಾರೋದು ಈಗ ದೊಡ್ಡ ದಂಧೆ. ನಲವತ್ತು ವರ್ಷ ಹಳೇದು ಅನ್ನೋ ವಾಚಿನ ಡಯಲ್ ನಿನ್ನೆ ಮೊನ್ನೆ ಮಾಡಿದಂತೆ ಥಳಥಳ ಹೊಳೀತಿದ್ದರೆ, ಕವಚ ಮಾತ್ರ ಸವೆದಿದ್ದರೆ ಅನುಮಾನ ಪಡಿ. ಗಿಣಿ ಹಸಿರು, ಗುಲಾಬಿ ಬಣ್ಣದ ಡಯಲು, ದೇವರ ಚಿತ್ರ, ನಾಯಕರ ಮುಖ, ಸೇನೆಯ ಲಾಂಛನ ಇದ್ದರೆ ಅದು ಸಾಮಾನ್ಯವಾಗಿ ಆಮೇಲೆ ಮುದ್ರಿಸಿದ್ದೇ. ರಿಪೇರಿಯವರ ಹತ್ತಿರ ಮುಚ್ಚಳ ತೆಗೆಸಿ ನೋಡಿ. ಅಸಲಿಯಾದರೆ ಒಳಗಿನ ಯಂತ್ರದ ಮೇಲೂ ಎಚ್.ಎಂ.ಟಿ. ಹೆಸರಿರುತ್ತೆ. ಡಯಲಿನ ಮೇಲೆ 17 ಜುವೆಲ್ಸ್ ಅಂತಿದ್ದು ಒಳಗೆ ಸೆಲ್ ಇದ್ದರೆ, ಮುಗೀತು!

ಎಚ್.ಎಂ.ಟಿ. ಹೆಸರಿನ ವಾಚುಗಳನ್ನು ಮೂಲ ಕಂಪನಿ ಬೆಂಗಳೂರಿನಿಂದ ಸಣ್ಣ ಪ್ರಮಾಣದಲ್ಲಿ ಈಗಲೂ ಮಾರುತ್ತೆ. ಬೇಕೆಂದವರು ಅಲ್ಲಿಂದಲೇ ತರಿಸಿಕೊಳ್ಳೋದು ಒಳ್ಳೆಯದು.

ಇನ್ನು ನಿಮ್ಮ ಮನೆಯ ಟ್ರಂಕಿನಲ್ಲೇ ಹಳೇ ಎಚ್.ಎಂ.ಟಿ. ಇದ್ದರೆ, ‘ಡಯಲ್ ಹಾಳಾಗೇತಿ, ಹೊಸಾದ ಹಾಕ್ತೀನ್ರಿ’ ಅಂದರೆ ಒಪ್ಪಬೇಡಿ. ಹಳದಿಗಟ್ಟಿದ ಆ ಡಯಲೇ ಅದರ ಅಸಲಿತನದ ಗುರುತು. ರಿಪೇರಿಗೆ ಕೊಡುವ ಮುಂಚೆ ಮುಖ, ಬೆನ್ನು, ಮುಚ್ಚಳ ತೆಗೆದ ಒಳಭಾಗ ಮೂರರ ಫೋಟೋ ಹೊಡೆದಿಟ್ಟುಕೊಳ್ಳಿ. ವಾಪಸು ಬಂದಾಗ ಹೋಲಿಸಿ ನೋಡಿ.

ನಮ್ಮವರ ನೆಚ್ಚಿನ ಟೈಟಾನ್

ಟಾಟಾ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ 1984ರಲ್ಲಿ ಕಟ್ಟಿದ ಟೈಟಾನ್ ಕಂಪನಿಯ ಕಾರ್ಖಾನೆ ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿದೆ. ಹೆಚ್ಚು ಮಾರಾಟ ಆಗೋ ವಾಚಿಗೆ ಹೆಚ್ಚು ಖೊಟ್ಟಿ. ಹಾಗಾಗಿ ಜಾತ್ರೆ, ಸಂತೆಯಲ್ಲಿ ಸಿಗೋ ‘ಟೈಟಾನ್’ ಎಲ್ಲ ಟೈಟಾನ್ ಅಲ್ಲ. ಗ್ಯಾರಂಟಿ ಕಾರ್ಡಿನ ಮೇಲೆ ಅಂಗಡಿಯ ಮುದ್ರೆ, ತಾರೀಖು, ಮಾಡೆಲ್ ನಂಬರು ಹಾಕಿಸಿಕೊಳ್ಳಿ. ಮುದ್ರೆ ಇಲ್ಲದ ಕಾರ್ಡು ಬರೀ ರಟ್ಟಿನ ಚೂರು. ಅನುಮಾನ ಬಂದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಹೊಸ ವಾಚಿನ ಬೆನ್ನನ್ನು ಬೇರೆ ಕಡೆ ಬಿಚ್ಚಿಸಿದರೆ ನೀರು ತಡೆಯುವ ಶಕ್ತಿ ಹೋಗಬಹುದು, ಗ್ಯಾರಂಟಿಗೂ ತಕರಾರು ಬರಬಹುದು.

ಮೋಸ ಹೋದರೆ ಸುಮ್ಮನಿರಬೇಡಿ

‘ಹೋದ ರೊಕ್ಕ ಹೋತು, ನಾಕ್ ಮಂದಿ ಮುಂದ ಮರ್ಯಾದಿ ಯಾಕ ಕಳಕೊಳ್ಳೂದು’ ಅಂತ ಸುಮ್ಮನಾಗುವವರೇ ಹೆಚ್ಚು. ಆ ನಾಚಿಕೆಯೇ ಖೊಟ್ಟಿ ಮಾರುವವರ ಬಂಡವಾಳ.

ಮೊದಲು ಬಿಲ್ಲು ಹಿಡಿದು ಅಂಗಡಿಗೆ ಹೋಗಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವಾಚು ಎಲ್ಲೇ ಕೊಂಡಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಬೀಳಗಿಯ ಹೆಣ್ಣುಮಗಳು ಬೆಂಗಳೂರಿನಲ್ಲಿ ಕೊಂಡ ವಾಚಿಗೂ ಬಾಗಲಕೋಟೆಯಲ್ಲೇ ದೂರು ಹಾಕಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ. ಆನ್‌ಲೈನಿನಲ್ಲಿ ರೊಕ್ಕ ಕಳಿಸಿ ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಆನ್‌ಲೈನ್ ಪಾರ್ಸಲ್ ಬಿಚ್ಚುವಾಗ ಮೊದಲಿನಿಂದ ಕೊನೆಯವರೆಗೆ ವಿಡಿಯೋ ಮಾಡಿಟ್ಟುಕೊಳ್ಳೋದು ಮರೆಯಬೇಡಿ.

ಬೇರೆ ಕಂಪನಿಯ ಹೆಸರು ಹಾಕಿ ಖೊಟ್ಟಿ ಮಾಲು ಮಾರೋದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ ಒಂದು ಮಾತು. ‘ಕಾಪಿ’ ಅಂತ ಗೊತ್ತಿದ್ದೂ ಅಗ್ಗಕ್ಕೆ ಕೊಂಡು, ಆಮೇಲೆ ಮೋಸವಾಯ್ತು ಅಂದರೆ ಕೇಳುವವರಿಲ್ಲ.

ಮದುವೆ ಪಟ್ಟಿಯಲ್ಲಿ ವಾಚಿಗೂ ಒಂದು ಸಾಲು

‘ಇಂಥದ್ದೇ ಕಂಪನಿ ವಾಚ್ ಆಗಬೇಕು’ ಅಂತ ಬೀಗರು ಪಟ್ಟು ಹಿಡಿದರೆ ಅದು ಉಡುಗೊರೆ ಅಲ್ಲ, ವರದಕ್ಷಿಣೆ. 1961ರ ಕಾಯ್ದೆ ಅದನ್ನು ನಿಷೇಧಿಸಿದೆ. ಪ್ರೀತಿಯಿಂದ, ಶಕ್ತಿಗೆ ತಕ್ಕಂತೆ ಕೊಡೋದಕ್ಕೆ ಅಡ್ಡಿ ಇಲ್ಲ. ಆದರೆ ಅದಕ್ಕೂ ಪಟ್ಟಿ ಇರಬೇಕು. ಏನು ಕೊಟ್ಟದ್ದು, ಅಂದಾಜು ಬೆಲೆ ಎಷ್ಟು, ಯಾರು ಕೊಟ್ಟರು, ಅವರ ಸಂಬಂಧ ಏನು ಅಂತ ಬರೆದು ವಧು-ವರ ಇಬ್ಬರೂ ಸಹಿ ಮಾಡಬೇಕೆಂದು 1985ರ ನಿಯಮ ಹೇಳುತ್ತೆ. ಆ ಪಟ್ಟಿಯಲ್ಲಿ ವಾಚಿನ ಹೆಸರು, ಮಾಡೆಲ್ ನಂಬರು, ಬೆಲೆ ಬರೆಸಿ. ಬಿಲ್ಲಿನ ಒಂದು ಜೆರಾಕ್ಸ್ ತವರಿನಲ್ಲಿ, ಇನ್ನೊಂದು ಮಗಳ ಕೈಯಲ್ಲಿ ಇರಲಿ. ನಾಳೆ ಯಾರಾದರೂ ‘ಖೊಟ್ಟಿ’ ಅಂದರೆ ಅವಳು ತಲೆ ತಗ್ಗಿಸಬೇಕಿಲ್ಲ, ಕಾಗದ ತೋರಿಸಿದರಾಯ್ತು.

ಪರ್ಸಿನಲ್ಲಿ ಇಟ್ಟುಕೊಳ್ಳಿ

* ಅಧಿಕೃತ ಅಂಗಡಿಯೇ ಅಂತ ಕಂಪನಿಯ ವೆಬ್‌ಸೈಟಿನಲ್ಲಿ ನೋಡಿ.
* ಅರ್ಧ ಬೆಲೆಗೆ ‘ಒರಿಜಿನಲ್’ ಅಂದರೆ ಅಲ್ಲೇ ನಿಲ್ಲಿ.
* ಬಿಲ್ಲಿನಲ್ಲಿ ಮಾಡೆಲ್ ನಂಬರು, ಸೀರಿಯಲ್ ನಂಬರು, ಜಿಎಸ್‌ಟಿ ನಂಬರು ಇರಲಿ.
* ಡಬ್ಬಿಯ ಮೇಲೆ ಆಮದುದಾರರ ವಿಳಾಸ, ಎಂಆರ್‌ಪಿ ನೋಡಿ.
* ಬೆನ್ನು, ಕಾರ್ಡು, ಡಬ್ಬಿ ಮೂರರ ನಂಬರೂ ಹೊಂದಬೇಕು.
* ಗ್ಯಾರಂಟಿ ಕಾರ್ಡಿಗೆ ಅಂಗಡಿಯ ಮುದ್ರೆ, ತಾರೀಖು ಹಾಕಿಸಿ.
* ಗ್ರಾಹಕ ಸಹಾಯವಾಣಿ: 1915. ಆನ್‌ಲೈನ್ ಹಣದ ಮೋಸಕ್ಕೆ: 1930.

ಕೊನೆಯದಾಗಿ ಒಂದು ಕಿವಿಮಾತು. ಎರಡು ಸಾವಿರದ ಬಜೆಟ್ಟಿನಲ್ಲಿ ರಾಡೊ ಬರೋದಿಲ್ಲ, ಬರೋದು ಅದರ ಹೆಸರು ಮಾತ್ರ. ಅದೇ ರೊಕ್ಕಕ್ಕೆ ನಮ್ಮ ದೇಶದ ಕಂಪನಿಯ ಒಳ್ಳೇ ವಾಚು, ಬಿಲ್ಲು, ಗ್ಯಾರಂಟಿ ಎಲ್ಲ ಸಿಗುತ್ತೆ. ಕೆಟ್ಟರೆ ರಿಪೇರಿಯೂ ಆಗುತ್ತೆ. ಈ ಸಲ ವಾಚು ತರೋಕೆ ಹುಡುಗರ ಜೊತೆ ನೀವೂ ಹೋಗಿ. ಅಂಗಡಿಯವರು ಎಷ್ಟೇ ಹೊಗಳಲಿ, ‘ಅದೆಲ್ಲ ಇರ್ಲಿ ಅಣ್ಣಾರ, ಸ್ವಲ್ಪ ತಿರುವಿ ತೋರಸ್ರಿ, ಬಿಲ್ ಬರೀರಿ’ ಅನ್ನಿ. ಅಸಲಿ ಮಾಲು ಮಾರುವವರು ಅದಕ್ಕೆ ಬೇಜಾರು ಮಾಡಿಕೊಳ್ಳೋದಿಲ್ಲ. ಏನಂತೀರಾ?